ಕೋಕಿಲ ಮೋಹನ್ ಏರಿದ್ದು ಹೇಗೆ, ಮರೆಯಾದದ್ದೇಕೆ?

ಪ್ರಶ್ನೆ: 1980ರ ದಶಕದಲ್ಲಿ ರಜನಿಕಾಂತ್, ಕಮಲ್ ಹಾಸನ್ ಅವರ ಚಿತ್ರಗಳ ನಡುವೆಯೇ ಸಾಲುಸಾಲಾಗಿ ಬೆಳ್ಳಿಹಬ್ಬ ಕಂಡ ತಮಿಳು ನಟ ಮೋಹನ್ ಉಡುಪಿಯ ಕಡೆಯವರು ಎಂದು ಕೇಳಿದ್ದೇನೆ. ಅಷ್ಟು ಎತ್ತರಕ್ಕೆ ಹೋದವರು ಕೆಲವೇ ವರ್ಷಗಳಲ್ಲಿ ತೆರೆಯಿಂದ ಮರೆಯಾದದ್ದೇಕೆ? ಅವರಿಗೆ ಕಂಠದಾನ ಮಾಡುತ್ತಿದ್ದ ಕಲಾವಿದರು ದೂರವಾದದ್ದೇ ಕಾರಣ ಎಂದು ಕೆಲವರು ಹೇಳುತ್ತಾರೆ. ಕನ್ನಡಿಗರೆಂಬ ಕಾರಣಕ್ಕೆ ಮೂಲೆಗೆ ಸರಿಸಿದರು ಎನ್ನುವವರೂ ಇದ್ದಾರೆ. ಇದರಲ್ಲಿ ನಿಜವೆಷ್ಟು?

ಉತ್ತರ: ನೀವು ಹೇಳಿದ ಎರಡೂ ಕಾರಣಗಳು ಬಹಳ ಕಾಲದಿಂದ ಚಾಲ್ತಿಯಲ್ಲಿವೆ. ಮೊದಲನೆಯದರಲ್ಲಿ ಸ್ವಲ್ಪ ಹುರುಳಿದೆ, ಎರಡನೆಯದರಲ್ಲಿ ಇಲ್ಲವೆಂದೇ ಹೇಳಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೋಹನ್ ಅವರ ತಾರಾಮೌಲ್ಯ ಎಂದೂ ಅವರೊಬ್ಬರ ಸ್ವತ್ತಾಗಿರಲಿಲ್ಲ. ಒಬ್ಬ ಸಂಗೀತ ನಿರ್ದೇಶಕ, ಒಬ್ಬ ಹಿನ್ನೆಲೆ ಗಾಯಕ, ಮಾತಿಗೆ ದನಿ ಕೊಡುವ ಇನ್ನೊಬ್ಬ ಕಲಾವಿದ, ಮೂರ್ನಾಲ್ಕು ಹೊಸ ನಿರ್ದೇಶಕರು ಮತ್ತು ಮಧ್ಯಮ ಬಂಡವಾಳದ ಕೆಲವು ನಿರ್ಮಾಪಕರು ಸೇರಿ ಕಟ್ಟಿದ ಕೂಡುಬಂಡವಾಳ ಅದು. ಅದರ ಮುಖವಾಗಿ ತೆರೆಯ ಮೇಲೆ ನಿಂತವರು ಮೋಹನ್. ಆ ಪಾಲುದಾರರು 1986ರ ಸುಮಾರಿಗೆ ಒಬ್ಬೊಬ್ಬರಾಗಿ ಬೇರೆ ಬೇರೆ ದಾರಿ ಹಿಡಿದರು. ಉಳಿದದ್ದು ಮುಖ ಮಾತ್ರ. ಹಾಗೆಂದು ಆ ಮುಖಕ್ಕೆ ಪ್ರತಿಭೆ ಇರಲಿಲ್ಲವೆಂದಲ್ಲ. ಇದ್ದ ಪ್ರತಿಭೆ ಎಂಥದ್ದು ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮೋಹನ್ ಅವರ ಆರಂಭ ನಡೆದದ್ದು ಕನ್ನಡದಲ್ಲಿಯೇ. ಬಿ.ವಿ. ಕಾರಂತರ ರಂಗಭೂಮಿಯ ಸಂಪರ್ಕದಿಂದ ನಟನೆಗೆ ಬಂದ ಅವರು ಮೊದಲು ತೆರೆಯ ಮೇಲೆ ಕಾಣಿಸಿಕೊಂಡದ್ದು 1977ರ ‘ಕೋಕಿಲ’ ಚಿತ್ರದಲ್ಲಿ. ಅಲ್ಲಿಯವರೆಗೆ ಛಾಯಾಗ್ರಾಹಕರಾಗಿ ಹೆಸರು ಮಾಡಿದ್ದ ಬಾಲು ಮಹೇಂದ್ರ ನಿರ್ದೇಶಿಸಿದ ಮೊದಲ ಚಿತ್ರವದು. ಕಮಲ್ ಹಾಸನ್ ಮತ್ತು ಶೋಭಾ ಪ್ರಮುಖ ಪಾತ್ರಗಳಲ್ಲಿದ್ದರು, ಸಂಗೀತ ಸಲಿಲ್ ಚೌಧರಿ ಅವರದು. ಆ ಚಿತ್ರದ ಛಾಯಾಗ್ರಹಣಕ್ಕೆ ಬಾಲು ಮಹೇಂದ್ರ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಮೋಹನ್ ಅವರದು ಅಲ್ಲಿ ಪೋಷಕ ಪಾತ್ರವಾದರೂ ಚಿತ್ರದ ಹೆಸರು ಅವರ ಹೆಸರಿಗೆ ಅಂಟಿಕೊಂಡಿತು, ಮುಂದೆ ತಮಿಳುನಾಡಿನಲ್ಲಿಯೂ ಅವರು ಬಹುಕಾಲ ‘ಕೋಕಿಲ ಮೋಹನ್’ ಎಂದೇ ಪರಿಚಿತರಾಗಿದ್ದರು. ಬಾಲು ಮಹೇಂದ್ರ ಅವರೇ 1980ರಲ್ಲಿ ‘ಮೂಡುಪನಿ’ ಎಂಬ ತಮಿಳು ಚಿತ್ರದ ಸಣ್ಣ ಪಾತ್ರವೊಂದಕ್ಕೆ ಅವರನ್ನು ಕರೆದುಕೊಂಡರು. ನಡುವೆ ತೆಲುಗಿನಲ್ಲಿ ಬಾಪು ಅವರ ಚಿತ್ರವೊಂದಕ್ಕೆ ನಾಯಕರಾದದ್ದೂ ಉಂಟು. ಇಷ್ಟು ಹೊತ್ತಿಗೆ ಅವರು ಮೂರು ಭಾಷೆಗಳಲ್ಲಿ ಕೆಲಸ ಮಾಡಿದ್ದರೂ ಯಾವುದರಲ್ಲಿಯೂ ನೆಲೆಯೂರಿರಲಿಲ್ಲ.

ನೆಲೆ ಕೊಟ್ಟದ್ದು ಅದೇ ವರ್ಷ ಬಂದ, ಮಹೇಂದ್ರನ್ ನಿರ್ದೇಶನದ ‘ನೆಂಜತ್ತೈ ಕಿಳ್ಳಾದೇ’. ಸುಹಾಸಿನಿ ನಟಿಸಿದ ಮೊದಲ ಚಿತ್ರವೂ ಇದೇ. ಅತ್ಯುತ್ತಮ ತಮಿಳು ಚಿತ್ರ, ಛಾಯಾಗ್ರಹಣ ಮತ್ತು ಧ್ವನಿಗ್ರಹಣ ಹೀಗೆ ಮೂರು ರಾಷ್ಟ್ರಪ್ರಶಸ್ತಿಗಳು ಈ ಚಿತ್ರಕ್ಕೆ ಬಂದವು. ಬೆಳಗಿನ ಮಂಜಿನಲ್ಲಿ ನಾಯಕ ನಾಯಕಿ ಓಡುತ್ತಾ ಸಾಗುವ ಹಾಡೊಂದರಲ್ಲಿ ಇಳಯರಾಜಾ ಹೆಜ್ಜೆಯ ಸದ್ದನ್ನೇ ತಾಳವಾಗಿ ಬಳಸಿಕೊಂಡದ್ದನ್ನು ಸಂಗೀತಾಸಕ್ತರು ಈಗಲೂ ನೆನೆಯುತ್ತಾರೆ. ಆದರೆ ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಬೇರೆ ಸಂಗತಿ. ಇದು ನಾಯಕಿಯ ಕಥೆ. ಅವಳ ಅಪನಂಬಿಕೆ, ಅವಳ ಮದುವೆ, ಅವಳ ಗೊಂದಲ, ಇವುಗಳ ಸುತ್ತ ಚಿತ್ರ ಸುತ್ತುತ್ತದೆ. ಮೋಹನ್ ಅವರ ಪಾತ್ರ ಆ ಹೆಣ್ಣಿನ ಬದುಕಿನಲ್ಲಿ ಬಂದುಹೋಗುವ ಗಂಡಸಿನದು. ಅವರ ಮುಖ್ಯ ಯಶಸ್ಸುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದೇ ಮಾದರಿ ಮತ್ತೆ ಮತ್ತೆ ಕಾಣುತ್ತದೆ. 1982ರ ‘ಗೋಪುರಂಗಳ್ ಸಾಯ್ವದಿಲ್ಲೈ’ ಚಿತ್ರದಲ್ಲಿ ರೂಪವಿಲ್ಲದ, ಹಳ್ಳಿಯ ಹೆಂಡತಿಯನ್ನು ಕಂಡು ನಾಚಿ ಇನ್ನೊಬ್ಬಳ ಹಿಂದೆ ಹೋಗುವ ಗಂಡ; 1984ರ ‘ವಿಧಿ’ಯಲ್ಲಿ ನಂಬಿಸಿ ಕೈಬಿಟ್ಟು ಕಟಕಟೆಗೆ ಬರುವ ಯುವಕ; 1986ರ ‘ಮೌನ ರಾಗಂ’ನಲ್ಲಿ ಒಲ್ಲದ ಹೆಣ್ಣನ್ನು ಮದುವೆಯಾದ ಗಂಡ. ಮೂರೂ ಚಿತ್ರಗಳ ಕೇಂದ್ರದಲ್ಲಿ ಹೆಂಗಸರೇ ಇದ್ದಾರೆ. ಆ ಕಾಲದ ಬೇರೆ ನಾಯಕನಟರು ಇಂಥ ಪಾತ್ರಗಳನ್ನು ಒಪ್ಪುವಾಗ ಹಿಂದುಮುಂದು ನೋಡುತ್ತಿದ್ದರು, ಏಕೆಂದರೆ ತೆರೆಯ ಮೇಲಿನ ತಪ್ಪು ತಮ್ಮ ಹೆಸರಿಗೇ ಮೆತ್ತಿಕೊಂಡೀತೆಂಬ ಭಯ ಅವರಿಗಿತ್ತು. ಮೋಹನ್ ಅವರಿಗೆ ಆ ಭಯ ಇರಲಿಲ್ಲ.

‘ವಿಧಿ’ಯ ಉದಾಹರಣೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬಹುದು. ತೆಲುಗಿನ ‘ನ್ಯಾಯಂ ಕಾವಾಲಿ’ಯ ಈ ಮರುನಿರ್ಮಾಣದಲ್ಲಿ ಹೋರಾಡುವವಳು ಪೂರ್ಣಿಮಾ ಅವರ ಪಾತ್ರ, ಅವಳ ಪರ ವಾದಿಸುವ ವಕೀಲೆ ಸುಜಾತಾ, ಚಿತ್ರದ ಹೆಚ್ಚಿನ ತೂಕವೆಲ್ಲ ನ್ಯಾಯಾಲಯದ ವಾದ ಪ್ರತಿವಾದದ್ದು. ಆ ಸಂಭಾಷಣೆಯ ಕ್ಯಾಸೆಟ್‌ಗಳು ಹಾಡಿನ ಕ್ಯಾಸೆಟ್‌ಗಳಂತೆ ಖರ್ಚಾದವು. ಮದುವೆ ಮನೆಯ ಧ್ವನಿವರ್ಧಕಗಳಲ್ಲಿ, ಚಹಾದಂಗಡಿಗಳಲ್ಲಿ ಜನ ಅದನ್ನು ಕೂತು ಕೇಳುತ್ತಿದ್ದರು. ಸಭ್ಯ ಪ್ರೇಮಿಯೆಂದು ಹೆಸರಾದ ನಟ, ತನ್ನ ಜನಪ್ರಿಯತೆಯ ಉತ್ತುಂಗದಲ್ಲಿ, ಪ್ರೇಕ್ಷಕರು ಶಪಿಸುವಂಥ ಪಾತ್ರದಲ್ಲಿ ನಿಂತು ಚಿತ್ರವನ್ನು ಗೆಲ್ಲಿಸಿದ್ದರು. ಅದೇ ವರ್ಷ ಮಣಿವಣ್ಣನ್ ನಿರ್ದೇಶಿಸಿದ ಕೊಲೆಯ ಕಥೆ ‘ನೂರಾವದು ನಾಳ್’ನಲ್ಲಿಯೂ ಅವರದು ಸಂಶಯದ ನೆರಳಿರುವ ಗಂಡನ ಪಾತ್ರ. ಮೋಹನ್ ಒಂದೇ ಬಗೆಯ ಪಾತ್ರಕ್ಕೆ ಅಂಟಿಕೊಂಡು ಕೆಟ್ಟರು ಎಂದು ಬರೆಯುವವರು ಈ ಎರಡು ಚಿತ್ರಗಳನ್ನು ಮರೆತಿರುತ್ತಾರೆ.

ಅವರ ಯಶಸ್ಸಿನ ಇನ್ನೊಂದು ಕಂಬ ಹಾಡು. 1982ರಲ್ಲಿ ಕೋವೈತಂಬಿ ತಮ್ಮ ಮದರ್‌ಲ್ಯಾಂಡ್ ಪಿಕ್ಚರ್ಸ್ ಸಂಸ್ಥೆಯಿಂದ ‘ಪಯಣಂಗಳ್ ಮುಡಿವದಿಲ್ಲೈ’ ನಿರ್ಮಿಸಿದರು, ನಿರ್ದೇಶಕ ಆರ್. ಸುಂದರರಾಜನ್ ಅವರಿಗೆ ಅದು ಮೊದಲ ಚಿತ್ರ. ಬಡತನದಿಂದ ಮೇಲೆ ಬಂದ ಗಾಯಕನೊಬ್ಬ ತನಗೆ ಕ್ಯಾನ್ಸರ್ ಇರುವುದು ತಿಳಿದ ಮೇಲೆ ಪ್ರೀತಿಸಿದವಳನ್ನು ಬೇಕೆಂದೇ ದೂರ ತಳ್ಳುವ ಕಥೆ. ಕಥೆಯಲ್ಲಿ ಹೊಸತೇನೂ ಇರಲಿಲ್ಲ. ಇಳಯರಾಜಾ ಸಂಯೋಜಿಸಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಹಾಡುಗಳು ಆ ಚಿತ್ರವನ್ನು ಬೆಳ್ಳಿಹಬ್ಬದಾಚೆಗೆ ಎಳೆದುಕೊಂಡು ಹೋದವು. ಅದರ ‘ಇಳಯ ನಿಲಾ’ ಹಾಡಿನ ಗಿಟಾರ್ ಅಷ್ಟು ಹೆಸರಾಯಿತೆಂದರೆ, ಮರುವರ್ಷವೇ ಅದರ ಧಾಟಿ ‘ಕಲಾಕಾರ್’ ಎಂಬ ಹಿಂದಿ ಚಿತ್ರಕ್ಕೂ ಹೋಯಿತು. ಆಮೇಲೆ ಅದೇ ಸಂಸ್ಥೆಯಿಂದ ‘ಇಳಮೈ ಕಾಲಂಗಳ್’, ಗಲ್ಲುಶಿಕ್ಷೆಗೊಳಗಾದ ಗಾಯಕನ ಕಥೆಯ ‘ಉದಯ ಗೀತಂ’, ಮಣಿರತ್ನಂ ನಿರ್ದೇಶನದ ‘ಇದಯ ಕೋವಿಲ್’ ಬಂದವು. ಕಥೆಯಲ್ಲಿ ಗಾಯಕ, ಕೈಯಲ್ಲಿ ಮೈಕು, ಎದುರಿಗೆ ಸಭೆ, ಮನಸ್ಸಿನಲ್ಲಿ ಹೇಳಲಾಗದ ಸಂಕಟ: ಈ ಸಿದ್ಧಸೂತ್ರ ಎಷ್ಟು ಸಲ ಮರಳಿ ಬಂತೆಂದರೆ ಪತ್ರಿಕೆಗಳು ಅವರನ್ನು ‘ಮೈಕ್ ಮೋಹನ್’ ಎಂದು ಕರೆಯತೊಡಗಿದವು. ಪ್ರೀತಿಯಿಂದ ಕೊಟ್ಟ ಹೆಸರೇ. ಆದರೂ ಗೆಲುವಿನ ಪಾಲು ಮೈಕಿನದೆಷ್ಟು, ನಟನದೆಷ್ಟು ಎಂಬ ಅನುಮಾನ ಅದರೊಳಗೆ ಅಡಗಿತ್ತು.

ನಿಮ್ಮ ಪ್ರಶ್ನೆಯಲ್ಲಿರುವ ದನಿಯ ವಿಷಯಕ್ಕೆ ಇಲ್ಲಿಂದ ಬರಬಹುದು. ತಮಿಳು ಚಿತ್ರಗಳಲ್ಲಿ ಹೊರಗಿನಿಂದ ಬಂದ ನಾಯಕಿಯರಿಗೆ ಬೇರೆಯವರು ಕಂಠದಾನ ಮಾಡುವುದು ಆಗ ಮಾಮೂಲಾಗಿತ್ತು, ಈಗಲೂ ಇದೆ. ನಾಯಕನಿಗೆ, ಅದೂ ವರ್ಷಗಟ್ಟಲೆ, ಒಬ್ಬರೇ ಕಲಾವಿದರು ದನಿಯಾಗುವುದು ಅಪರೂಪ. ಮೋಹನ್ ಅವರ ಹೆಚ್ಚಿನ ಚಿತ್ರಗಳಲ್ಲಿ ಮಾತನಾಡಿದವರು ಎಸ್.ಎನ್. ಸುರೇಂದರ್, ಸ್ವತಃ ಒಳ್ಳೆಯ ಗಾಯಕರಾದ ಅವರು ನಟ ವಿಜಯ್ ಅವರ ಸೋದರಮಾವ. ಹೀಗಾಗಿ ತೆರೆಯ ಮೇಲಿನ ಮೋಹನ್ ಮಾತನಾಡುವಾಗ ಸುರೇಂದರ್, ಹಾಡುವಾಗ ಬಾಲಸುಬ್ರಹ್ಮಣ್ಯಂ. ಎರಡು ಬೇರೆ ಕಂಠಗಳು ಒಂದೇ ಮನುಷ್ಯನವೆಂದು ಪ್ರೇಕ್ಷಕರು ನಂಬಿದರೆಂದರೆ ಅದರ ಶ್ರೇಯಸ್ಸು ನಡುವೆ ನಿಂತ ಆ ದೇಹಕ್ಕೂ ಸಲ್ಲಬೇಕು. ಉಡುಪಿಯ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯಕ್ಷಗಾನದಲ್ಲಿ ಪದ ಹೇಳುವವರು ಭಾಗವತರು, ಅದಕ್ಕೆ ಮೈಕೊಡುವವರು ವೇಷಧಾರಿಗಳು. ಪದದ ಭಾವ ವೇಷದ ಮೈಯಲ್ಲಿ ಹುಟ್ಟಿತೆಂದೇ ನೋಡುವವರಿಗೆ ಅನ್ನಿಸುತ್ತದೆ. ವ್ಯತ್ಯಾಸವಿಷ್ಟೇ, ವೇಷಧಾರಿಗೆ ಅರ್ಥ ಹೇಳುವ ಅವಕಾಶವಾದರೂ ತನ್ನದೇ ಆಗಿರುತ್ತದೆ. ಮೋಹನ್ ಅವರಿಗೆ ಅದೂ ಇರಲಿಲ್ಲ. ಬಾಲಸುಬ್ರಹ್ಮಣ್ಯಂ ಅವರು ಸಾಲಿನ ನಡುವೆ ಉಸಿರೆಳೆದುಕೊಳ್ಳುವ, ಪಲ್ಲವಿಗೆ ಮರಳುವಾಗ ಸಣ್ಣಗೆ ನಗುವ ಕಡೆಗಳಲ್ಲಿ ಮೋಹನ್ ಅವರ ಕತ್ತು, ಭುಜ, ಕಣ್ಣುರೆಪ್ಪೆಗಳನ್ನು ಗಮನಿಸಿ. ತುಟಿ ಹೊಂದಿಸುವುದಕ್ಕಿಂತ ಉಸಿರು ಹೊಂದಿಸುವುದು ಕಷ್ಟ, ಅವರು ಅದನ್ನು ಮಾಡುತ್ತಿದ್ದರು.

ಈಗ ಹಣಕಾಸಿನ ಕಡೆಗೆ. ಆ ಕಾಲದಲ್ಲಿ ತಮಿಳುನಾಡನ್ನು ಚೆಂಗಲ್ಪಟ್ಟು ಮತ್ತು ಆರ್ಕಾಟ್ ಜಿಲ್ಲೆಗಳು, ಕೊಯಮತ್ತೂರು, ಮದುರೈ ಮತ್ತು ರಾಮನಾಥಪುರ, ತಿರುಚ್ಚಿ ಮತ್ತು ತಂಜಾವೂರು, ತಿರುನೆಲ್ವೇಲಿ ಮತ್ತು ಕನ್ಯಾಕುಮಾರಿ, ಸೇಲಂ ಎಂದು ಪ್ರದೇಶಗಳಾಗಿ ವಿಂಗಡಿಸಿ, ಚೆನ್ನೈ ನಗರವನ್ನು ಪ್ರತ್ಯೇಕವಾಗಿಟ್ಟು, ಒಂದೊಂದು ಪ್ರದೇಶದ ಹಕ್ಕನ್ನೂ ಬೇರೆ ಬೇರೆ ವಿತರಕರಿಗೆ ಮಾರುತ್ತಿದ್ದರು. ದೊಡ್ಡ ತಾರೆಯ ಚಿತ್ರಕ್ಕೆ ವಿತರಕರು ಕನಿಷ್ಠ ಖಾತರಿಯೆಂದು ದೊಡ್ಡ ಮೊತ್ತವನ್ನು ಮುಂಗಡ ಕೊಡಬೇಕಾಗಿತ್ತು. ಚಿತ್ರ ಸೋತರೆ ಮನೆಮಠ ಮಾರಿಕೊಳ್ಳುವ ಸ್ಥಿತಿ. ಮೋಹನ್ ಅವರ ಚಿತ್ರಗಳು ಈ ಲೆಕ್ಕಾಚಾರಕ್ಕೆ ಹೇಳಿ ಮಾಡಿಸಿದಂತಿದ್ದವು. ಹೊಡೆದಾಟಕ್ಕೆ, ದೊಡ್ಡ ಸೆಟ್ಟಿಗೆ, ಹೊರದೇಶದ ಚಿತ್ರೀಕರಣಕ್ಕೆ ಖರ್ಚಿಲ್ಲ. ಒಂದು ಮನೆ, ಒಂದು ವೇದಿಕೆ, ಒಂದು ಗಿರಿಧಾಮ ಸಾಕು. ಬಿಡುಗಡೆಗೆ ಮುಂಚೆಯೇ ಕ್ಯಾಸೆಟ್ಟಿನ ಹಾಡುಗಳು ಪ್ರಚಾರ ಮುಗಿಸಿರುತ್ತಿದ್ದವು. ಮೊದಲ ವಾರ ಶಿಳ್ಳೆ ಹೊಡೆಯುವ ಯುವಕರಿಗಿಂತ ಮೂರನೆಯ ವಾರದಿಂದ ಮನೆಮಂದಿಯನ್ನು ಕಟ್ಟಿಕೊಂಡು ಬರುವ ಹೆಂಗಸರೇ ಈ ಚಿತ್ರಗಳ ಆಧಾರ. 25 ವಾರ, ಅಂದರೆ 175 ದಿನ ಓಡಿದರೆ ಬೆಳ್ಳಿಹಬ್ಬ. ನಿಧಾನವಾಗಿ ಶುರುವಾಗಿ ಬಹುಕಾಲ ಓಡುವ ಚಿತ್ರಗಳಿಗೆ ಆ ಗುರಿ ಮುಟ್ಟುವುದು ಸುಲಭ. ತಮಿಳರು ಅವರಿಗೆ ಕೊಟ್ಟ ‘ಬೆಳ್ಳಿಹಬ್ಬದ ನಾಯಕ’ ಎಂಬ ಬಿರುದು ಹೀಗೆ ಬಂತು.

ಈ ಅನುಕೂಲವೇ ಮುಂದೆ ತೊಡಕಾಯಿತು. ಕಡಿಮೆ ಖರ್ಚಿನಲ್ಲಿ ಲಾಭ ತರುವ ನಾಯಕನ ಕಾಲ್‌ಶೀಟಿಗಾಗಿ ತಮಿಳು ಚಿತ್ರೋದ್ಯಮದ ನೆಲೆಯಾದ ಚೆನ್ನೈನ ಕೋಡಂಬಾಕ್ಕಂನ ನಿರ್ಮಾಪಕರು ಸಾಲುಗಟ್ಟಿದರು. 1984ರೊಂದರಲ್ಲೇ ಮೋಹನ್ ನಟಿಸಿದ ಹತ್ತಕ್ಕೂ ಹೆಚ್ಚು ಚಿತ್ರಗಳು ತೆರೆಕಂಡವು. ಅವುಗಳಲ್ಲಿ ಇಂದು ನೆನಪಿನಲ್ಲಿ ಉಳಿದವು ಮೂರೋ ನಾಲ್ಕೋ. ಗೆದ್ದ ಚಿತ್ರಗಳ ಸದ್ದಿನಲ್ಲಿ ಸೋತವು ಆಗ ಕಣ್ಣಿಗೆ ಬೀಳಲಿಲ್ಲ. ಆದರೆ ಪ್ರೇಕ್ಷಕರಿಗೆ ಆ ಮುಖದ ಮೇಲಿದ್ದ ಕುತೂಹಲ ಪ್ರತಿ ಬಿಡುಗಡೆಯಲ್ಲೂ ಸ್ವಲ್ಪ ಸ್ವಲ್ಪವೇ ಸವೆಯುತ್ತಿತ್ತು ಎಂಬುದು ನನ್ನ ಅಂದಾಜು.

1986 ಅವರ ವೃತ್ತಿಜೀವನದ ಅತ್ಯುತ್ತಮ ವರ್ಷ. ಇಳಿಜಾರು ಆರಂಭವಾದದ್ದೂ ಅದೇ ವರ್ಷ. ಆಗಸ್ಟ್ ತಿಂಗಳಲ್ಲಿ ‘ಮೌನ ರಾಗಂ’ ಬಂತು. ಕನ್ನಡದ ‘ಪಲ್ಲವಿ ಅನುಪಲ್ಲವಿ’ಯಿಂದ 1983ರಲ್ಲಿ ನಿರ್ದೇಶನ ಆರಂಭಿಸಿದ ಮಣಿರತ್ನಂ ಅವರಿಗೆ ನಿಜವಾದ ಹೆಸರು ತಂದುಕೊಟ್ಟ ಚಿತ್ರವಿದು. ದೆಹಲಿಯಲ್ಲಿ ಕೆಲಸದಲ್ಲಿರುವ ಚಂದ್ರಕುಮಾರ್ ಪಾತ್ರ ಮೋಹನ್ ಅವರದು. ಮನೆಯವರ ಒತ್ತಾಯಕ್ಕೆ ಮದುವೆಯಾಗಿ ಬಂದ ದಿವ್ಯಾಳಿಗೆ, ರೇವತಿ ಅವರ ಪಾತ್ರವದು, ಏನು ಉಡುಗೊರೆ ಬೇಕೆಂದು ಅವನು ಕೇಳಿದಾಗ ಅವಳು ಕೇಳುವುದು ವಿಚ್ಛೇದನ. ನೀವು ಮುಟ್ಟಿದರೆ ಕಂಬಳಿಹುಳು ಹರಿದಂತಾಗುತ್ತದೆ ಎಂದು ಅವಳು ಅವನ ಮುಖಕ್ಕೇ ಹೇಳುತ್ತಾಳೆ. ಸಾಮಾನ್ಯ ನಾಯಕನಟನೊಬ್ಬ ಆ ಮಾತಿಗೆ ಕೆರಳಿರುತ್ತಿದ್ದ, ಇಲ್ಲವೇ ಕ್ಯಾಮೆರಾ ಕಡೆ ತಿರುಗಿ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಮೋಹನ್ ಏನನ್ನೂ ಮಾಡುವುದಿಲ್ಲ. ಮಾತು ಕಿವಿಗೆ ಬಿದ್ದು ಒಳಗಿಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ತುಸುವೇ ಹಿಂದೆ ಸರಿಯುತ್ತಾರೆ. ಬಹಳ ಹೊತ್ತಿನ ಮೇಲೆ, ಕಾರ್ಮಿಕರ ಗಲಾಟೆಯಲ್ಲಿ ಪೆಟ್ಟು ತಿಂದು ಮನೆಗೆ ಬಂದ ಅವನ ಆರೈಕೆಗೆ ಅವಳೇ ಮುಂದಾದಾಗ, ಅದೇ ಕಂಬಳಿಹುಳುವಿನ ಮಾತನ್ನು ಅವನು ಅವಳಿಗೆ ಹಿಂದಿರುಗಿಸುತ್ತಾನೆ. ಅಲ್ಲಿಯೂ ದನಿ ಏರುವುದಿಲ್ಲ, ಮುಖ ಗಡುಸಾಗುವುದಿಲ್ಲ. ಸೇಡು ತೀರಿಸಿಕೊಂಡವನ ಖುಷಿಯೂ ಕಾಣುವುದಿಲ್ಲ. ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವ ನಟರು ನಮ್ಮ ಚಿತ್ರಗಳಲ್ಲಿ ಹೆಚ್ಚಿಲ್ಲ. ಮೋಹನ್ ಅವರ ಪ್ರತಿಭೆ ಯಾವುದೆಂದರೆ ಇದು.

ಕೇಳಿಸಿಕೊಳ್ಳುವ ಪ್ರತಿಭೆಗೆ ಒಂದು ದೌರ್ಬಲ್ಯವಿದೆ: ಅದರ ಫಲ ಎದುರಿನವರಿಗೆ ಸಿಗುತ್ತದೆ. ‘ಮೌನ ರಾಗಂ’ ಅತ್ಯುತ್ತಮ ತಮಿಳು ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು, ರೇವತಿ ಅವರ ಹೆಸರು ಮನೆಮಾತಾಯಿತು, ಪಿ.ಸಿ. ಶ್ರೀರಾಮ್ ಅವರ ಛಾಯಾಗ್ರಹಣವನ್ನು ಎಲ್ಲರೂ ಕೊಂಡಾಡಿದರು. ಹಿನ್ನೋಟದ ಭಾಗದಲ್ಲಿ ಕೆಲವೇ ನಿಮಿಷ ಬಂದು ಗುಂಡಿಗೆ ಬಲಿಯಾಗುವ ಕಾರ್ತಿಕ್ ಅವರಿಗೆ, ಸೊರಗುತ್ತಿದ್ದ ವೃತ್ತಿಜೀವನಕ್ಕೆ ಅದರಿಂದ ಹೊಸ ಜೀವ ಬಂತು; ಎರಡೇ ವರ್ಷದಲ್ಲಿ ಅದೇ ನಿರ್ದೇಶಕರ ‘ಅಗ್ನಿ ನಕ್ಷತ್ರಂ’ನಲ್ಲಿ ಪ್ರಭು ಅವರ ಜೊತೆ ಅವರು ನಾಯಕ. ಚಿತ್ರದ ಉದ್ದಕ್ಕೂ ನಿಂತು ಭಾರ ಹೊತ್ತ ಮೋಹನ್ ಅವರಿಗೆ ಸಿಕ್ಕಿದ್ದು ಅವರಿಗಾಗಲೇ ಇದ್ದ, ಒಳ್ಳೆಯ ಗಂಡನ ಪಾತ್ರಕ್ಕೆ ತಕ್ಕವರೆಂಬ ಹೆಸರು ಮಾತ್ರ. ಇದು ಅನ್ಯಾಯವೆಂದು ನನಗೆ ಅನ್ನಿಸುತ್ತದೆ, ಆದರೆ ಗಲ್ಲಾಪೆಟ್ಟಿಗೆ ಹಾಗೆಯೇ ಲೆಕ್ಕ ಹಾಕುತ್ತದೆ.

ಪಾಲುದಾರರು ಚದುರಿದ್ದು ಈ ಹೊತ್ತಿಗೇ. ಮದರ್‌ಲ್ಯಾಂಡ್ ಸಂಸ್ಥೆಯ ಕೋವೈತಂಬಿ ಮತ್ತು ಇಳಯರಾಜಾ ಅವರ ಜೊತೆಗಾರಿಕೆ ಮುರಿಯಿತು. 1986ರಲ್ಲಿ ಮೋಹನ್ ಮತ್ತು ನದಿಯಾ ನಟಿಸಿದ ‘ಉಯಿರೇ ಉನಕ್ಕಾಗ’ ಚಿತ್ರಕ್ಕೆ ಕೋವೈತಂಬಿ ಮುಂಬಯಿಯಿಂದ ಹಿಂದಿಯ ಸಂಗೀತ ನಿರ್ದೇಶಕ ಜೋಡಿ ಲಕ್ಷ್ಮೀಕಾಂತ್ ಪ್ಯಾರೇಲಾಲ್ ಅವರನ್ನು ಕರೆಸಿದರು. ಹಾಡುಗಳು ಕೇಳಲು ಇಂಪಾಗಿದ್ದರೂ ಮೋಹನ್ ಚಿತ್ರವೆಂದರೆ ಜನ ನಿರೀಕ್ಷಿಸುತ್ತಿದ್ದ ನಾದ ಅದಲ್ಲ. ಸುಂದರರಾಜನ್ ಅವರು ‘ವೈದೇಹಿ ಕಾತ್ತಿರುಂದಾಳ್’, ‘ಅಮ್ಮನ್ ಕೋವಿಲ್ ಕಿಳಕ್ಕಾಲೇ’ ಚಿತ್ರಗಳಿಂದ ವಿಜಯಕಾಂತ್ ಅವರ ಕಡೆ ಆಗಲೇ ವಾಲಿದ್ದರು, 1989ರ ಹೊತ್ತಿಗೆ ರಜನಿಕಾಂತ್ ಅವರನ್ನು ನಿರ್ದೇಶಿಸುತ್ತಿದ್ದರು. ಮಣಿವಣ್ಣನ್ ಅವರಿಗೆ ಸತ್ಯರಾಜ್ ಸಿಕ್ಕಿದರು. ಮಣಿರತ್ನಂ ಮರುವರ್ಷವೇ ಕಮಲ್ ಹಾಸನ್ ಅವರನ್ನಿಟ್ಟುಕೊಂಡು ‘ನಾಯಗನ್’ ಮಾಡಿದರು. ಇವರಲ್ಲಿ ಯಾರೂ ಮೋಹನ್ ಅವರನ್ನು ಕೈಬಿಡಬೇಕೆಂದು ಬಿಟ್ಟವರಲ್ಲ; ಸಣ್ಣ ಬಂಡವಾಳದಲ್ಲಿ ಕೈ ಪಳಗಿಸಿಕೊಂಡ ನಿರ್ದೇಶಕರು ದೊಡ್ಡ ಬಂಡವಾಳಕ್ಕೆ ಹೋಗುವುದು ಸಹಜ, ದೊಡ್ಡ ಬಂಡವಾಳಕ್ಕೆ ಮೊದಲ ದಿನವೇ ಚಿತ್ರಮಂದಿರ ತುಂಬಿಸುವ ನಾಯಕ ಬೇಕು. ಮೋಹನ್ ಮೂರನೆಯ ವಾರದ ನಾಯಕ.

ಬೇರೆ ದಾರಿ ಇರಲಿಲ್ಲವೇ ಎಂದರೆ ಇತ್ತು. 1987ರಲ್ಲಿ ಅವರ ಮೊದಲ ಗುರು ಬಾಲು ಮಹೇಂದ್ರ ‘ರೆಟ್ಟೈ ವಾಲ್ ಕುರುವಿ’ಯಲ್ಲಿ ಅವರಿಗೆ ಇಬ್ಬರು ಹೆಂಡಿರ ನಡುವೆ ಪೇಚಾಡುವ ಗಂಡನ ಪಾತ್ರ ಕೊಟ್ಟರು, ಅರ್ಚನಾ ಮತ್ತು ರಾಧಿಕಾ ಆ ಹೆಂಡತಿಯರು. ಸುಳ್ಳು ಹೇಳಿ ಸಿಕ್ಕಿಬೀಳುವ ಗಳಿಗೆಯಲ್ಲಿ ಅವರ ಮುಖದಲ್ಲಿ ಮೂಡುವ ಗಾಬರಿ ನೋಡಿದರೆ, ಮಧ್ಯಮವರ್ಗದ ಹಾಸ್ಯಚಿತ್ರಗಳ ನಾಯಕರಾಗಿ ಇನ್ನೂ ಹತ್ತು ವರ್ಷ ನಡೆಸಬಹುದಿತ್ತು ಎನಿಸುತ್ತದೆ. ಆ ದಾರಿಯಲ್ಲಿ ಗಟ್ಟಿಯಾಗಿ ಮುಂದುವರಿಯಲು ಬೇಕಾದ ಬರವಣಿಗೆ ಅವರಿಗೆ ಸಿಗಲಿಲ್ಲ. ಬದಲಿಗೆ ಹಳೆಯ ಸೂತ್ರದ ಚಿತ್ರಗಳೇ ಬಂದವು, ಒಂದಕ್ಕಿಂತ ಒಂದು ತೆಳುವಾಗಿ.

ಅಷ್ಟರಲ್ಲಿ ಮಾರುಕಟ್ಟೆಯೂ ಬದಲಾಗಿತ್ತು. ರಾಮರಾಜನ್ ನಟಿಸಿದ ‘ಕರಗಾಟ್ಟಕ್ಕಾರನ್’ 1989ರಲ್ಲಿ, ಪ್ರಭು ನಟಿಸಿದ ‘ಚಿನ್ನ ತಂಬಿ’ 1991ರಲ್ಲಿ ಗೆದ್ದ ಮೇಲೆ ಹಾಡಿನ ಚಿತ್ರವೆಂದರೆ ಹಳ್ಳಿಯ ಚಿತ್ರ ಎಂಬಂತಾಯಿತು. ಇಳಯರಾಜಾ ಅವರ ಜನಪ್ರಿಯ ಹಾಡುಗಳು ಪ್ಯಾಂಟು ಶರ್ಟಿನ ನಗರದ ಯುವಕನಿಂದ ಪಂಚೆ ಉಟ್ಟ ಹಳ್ಳಿಯವನಿಗೆ ವರ್ಗವಾದವು. ‘ನೂರಾವದು ನಾಳ್’ನಲ್ಲಿ ಮೋಹನ್ ಜೊತೆಗಿದ್ದ ವಿಜಯಕಾಂತ್ ಹೊಡೆದಾಟದ ಚಿತ್ರಗಳಿಂದ ದೊಡ್ಡ ತಾರೆಯಾದರು, ಅದೇ ಚಿತ್ರದಲ್ಲಿ ತಲೆ ಬೋಳಿಸಿಕೊಂಡು ಕೊಲೆಗಾರನಾಗಿದ್ದ ಸತ್ಯರಾಜ್ ನಾಯಕರಾದರು. ನಗರದ ಮೆಲುಮಾತಿನ ಪ್ರೇಮಿಯ ಜಾಗವೂ ಖಾಲಿ ಉಳಿಯಲಿಲ್ಲ. 1990ರ ‘ಪುದು ವಸಂತಂ’, 1991ರ ‘ಇದಯಂ’ ಚಿತ್ರಗಳಲ್ಲಿ ಅದನ್ನು ತುಂಬಿದವರು ಮುರಳಿ.

ಕನ್ನಡಿಗರೆಂಬ ಕಾರಣಕ್ಕೆ ತುಳಿದರೆನ್ನುವ ವಾದಕ್ಕೆ ಮುರಳಿ ಅವರೇ ಉತ್ತರ. ಅವರು ‘ಬಂಗಾರದ ಮನುಷ್ಯ’ದ ನಿರ್ದೇಶಕ ಸಿದ್ದಲಿಂಗಯ್ಯನವರ ಮಗ, ‘ಪ್ರೇಮಪರ್ವ’ ಎಂಬ ಕನ್ನಡ ಚಿತ್ರದಿಂದಲೇ ಬಂದವರು. ಮೋಹನ್ ಅವರ ಜಾಗಕ್ಕೆ ಬಂದವರೂ ಕನ್ನಡಿಗರೇ ಆಗಿರುವಾಗ, ಆ ಕಾಲದ ಅತಿ ದೊಡ್ಡ ತಾರೆ ಬೆಂಗಳೂರಿನಿಂದ ಹೋದ ರಜನಿಕಾಂತ್ ಆಗಿರುವಾಗ, ಊರು ಭಾಷೆಗಳ ಲೆಕ್ಕ ಇಲ್ಲಿ ಕೆಲಸ ಮಾಡಿತೆನ್ನಲು ಆಧಾರ ಸಿಗುವುದಿಲ್ಲ. ದನಿಯ ವಾದ ಇದಕ್ಕಿಂತ ಗಟ್ಟಿಯಾದದ್ದು. ಜನರಿಗೆ ರೂಢಿಯಾದ ಕಂಠ ಬದಲಾದರೆ ತೆರೆಯ ಮೇಲಿನ ಮನುಷ್ಯನೇ ಅಪರಿಚಿತನಾಗುತ್ತಾನೆ ಎಂಬುದು ನಿಜ. ಆದರೂ ಆ ಕಂಠವೇ ಗೆಲುವಿನ ಗುಟ್ಟಾಗಿದ್ದರೆ ಅದೇ ಕಂಠವಿದ್ದ, ನಾನು ಮೇಲೆ ಹೇಳಿದ ಮರೆತುಹೋದ ಚಿತ್ರಗಳೂ ಗೆಲ್ಲಬೇಕಾಗಿತ್ತು. ದನಿ ಕೂಡುಬಂಡವಾಳದ ಒಂದು ಪಾಲು; ಅದೊಂದರಿಂದಲೇ ಏಳುಬೀಳುಗಳನ್ನು ವಿವರಿಸಲಾಗದು. ಇನ್ನು, 1990ರ ದಶಕದಲ್ಲಿ ಅವರ ಆರೋಗ್ಯದ ಕುರಿತು ಹಬ್ಬಿದ ಗಾಳಿಮಾತುಗಳನ್ನು ನೀವು ಕೇಳಿರಬಹುದು. ಅವು ಸುಳ್ಳೆಂದು ಮೂರು ದಶಕಗಳ ಅವರ ಬದುಕೇ ತೋರಿಸಿದೆ. ಆ ಕಾಲದ ಕೆಲವು ಪತ್ರಿಕೆಗಳ ಮಟ್ಟವೇನು ಎಂಬುದಕ್ಕೆ ಅವು ಸಾಕ್ಷಿಯೇ ಹೊರತು ಒಬ್ಬ ನಟನ ಇಳಿಕೆಗೆ ಕಾರಣವಲ್ಲ, ಏಕೆಂದರೆ ಇಳಿಕೆ ಅದಕ್ಕಿಂತ ಮುಂಚೆಯೇ ಆಗಿತ್ತು.

ಜಿ.ಎಂ. ಕುಮಾರ್ ನಿರ್ದೇಶನದ ಭಯಾನಕ ಚಿತ್ರ ‘ಉರುವಂ’ 1991ರಲ್ಲಿ ಬಂದು ಹೋದ ಮೇಲೆ ಮೋಹನ್ ಬಹುಮಟ್ಟಿಗೆ ಕಾಣೆಯಾದರು. 1999ರಲ್ಲಿ ‘ಅನ್ಬುಳ್ಳ ಕಾದಲುಕ್ಕು’ ಚಿತ್ರವನ್ನು ತಾವೇ ನಿರ್ದೇಶಿಸಿ ನಟಿಸಿದರು, 2008ರಲ್ಲಿ ‘ಸುಟ್ಟ ಪಳಂ’ನಲ್ಲಿ ಕಾಣಿಸಿಕೊಂಡರು, ಎರಡೂ ನಿಲ್ಲಲಿಲ್ಲ. ಅವರ ಸಮಕಾಲೀನರಾದ ಪ್ರಭು, ಸತ್ಯರಾಜ್, ಕಾರ್ತಿಕ್ ವಯಸ್ಸಿಗೆ ತಕ್ಕಂತೆ ತಂದೆಯ, ಖಳನ, ಹಿರಿಯ ಅಧಿಕಾರಿಯ ಪಾತ್ರಗಳಿಗೆ ಸರಿದರು. ಸತ್ಯರಾಜ್ ಅವರಿಗಂತೂ 2015ರ ‘ಬಾಹುಬಲಿ’ಯ ಕಟ್ಟಪ್ಪನಿಂದ ತಮಿಳುನಾಡಿನಾಚೆಗೆ ಎರಡನೆಯ ಜನ್ಮವೇ ಸಿಕ್ಕಿತು. ಮೋಹನ್ ಆ ಎರಡು ದಶಕಗಳಲ್ಲಿ ನಾಯಕನ ಪಾತ್ರದ ಆಚೆಗೆ ಬರಲಿಲ್ಲ. ‘ವಿಧಿ’ಯಲ್ಲಿ ಶಾಪ ಹಾಕಿಸಿಕೊಳ್ಳಲು ಹಿಂಜರಿಯದ ನಟ ಪೋಷಕ ಪಾತ್ರಗಳಿಗೆ ಬಂದಿದ್ದರೆ ತಮಿಳು ಚಿತ್ರಗಳಿಗೆ ಒಳ್ಳೆಯ ಗುಣನಟರೊಬ್ಬರು ಸಿಗುತ್ತಿದ್ದರು. ಅವರ ವೃತ್ತಿಜೀವನದಲ್ಲಿ ನನಗೆ ನಿಜವಾಗಿ ನಷ್ಟವೆನಿಸುವುದು ಈ ಭಾಗವೇ, 1987ರ ನಂತರದ ಸೋಲುಗಳಲ್ಲ.

ತಮಿಳು ತೆರೆಗೆ ಅವರು ಮರಳಿದ್ದು 2024ರಲ್ಲಿ. ಜೂನ್ ತಿಂಗಳಲ್ಲಿ ಬಂದ ‘ಹರಾ’ದಲ್ಲಿ ಮತ್ತೆ ನಾಯಕರಾದರು, ಚಿತ್ರ ಹೆಚ್ಚು ಸದ್ದು ಮಾಡಲಿಲ್ಲ. ಸೆಪ್ಟೆಂಬರ್‌ನಲ್ಲಿ ತೆರೆಕಂಡ, ವೆಂಕಟ್ ಪ್ರಭು ನಿರ್ದೇಶನದ ‘ದಿ ಗ್ರೇಟೆಸ್ಟ್ ಆಫ್ ಆಲ್ ಟೈಮ್’ ಚಿತ್ರದಲ್ಲಿ ವಿಜಯ್ ಅವರ ಎದುರು ಮೆನನ್ ಎಂಬ ಖಳನಾಗಿ ಬಂದರು. ತಮಗೆ ವರ್ಷಗಟ್ಟಲೆ ದನಿ ಕೊಟ್ಟವರ ಸೋದರಳಿಯನ ಎದುರು ನಿಲ್ಲುವ ಈ ಸಂದರ್ಭವನ್ನು ಚಿತ್ರ ಇನ್ನಷ್ಟು ಚೆನ್ನಾಗಿ ಬಳಸಿಕೊಳ್ಳಬಹುದಿತ್ತು, ಪಾತ್ರದ ಬರವಣಿಗೆ ಅಷ್ಟು ಗಟ್ಟಿಯಾಗಿಲ್ಲ.

ಅವರ ಕೆಲಸವನ್ನು ನೀವೇ ನೋಡಿ ತೀರ್ಮಾನಿಸುವುದಾದರೆ ಹಾಡಿನ ಚಿತ್ರಗಳಿಂದ ಶುರು ಮಾಡಬೇಡಿ. ಅಲ್ಲಿ ಇಳಯರಾಜಾ ಅವರ ಸಂಗೀತವೇ ಗಮನವನ್ನೆಲ್ಲ ಸೆಳೆದುಬಿಡುತ್ತದೆ. ಮೊದಲು ‘ವಿಧಿ’ಯನ್ನು, ಆಮೇಲೆ ‘ರೆಟ್ಟೈ ವಾಲ್ ಕುರುವಿ’ಯನ್ನು ನೋಡಿ, ‘ಮೌನ ರಾಗಂ’ ಅನ್ನು ಕೊನೆಗಿಟ್ಟುಕೊಳ್ಳಿ. ‘ಮೌನ ರಾಗಂ’ ನೋಡುವಾಗ ಒಂದು ಸಲವಾದರೂ ರೇವತಿ ಮಾತನಾಡುತ್ತಿರುವ ಹೊತ್ತಿನಲ್ಲಿ ಅವರ ಬದಲು ಮೋಹನ್ ಅವರ ಮೇಲೆ ಕಣ್ಣಿಡಿ.